‘ನಮ್ಮ ನೀರು ಕೇಳೋ ಊರಿನವ್ರಾ?’: ಅಘನಾಶಿನಿಯ ಗುಂಟ ಒಂದು ತಿರುಗಾಟ

ಶನಿವಾರ: ಶಿರಸಿ

ನಮ್ಮೂರು ಹಿರಿಯೂರಿನ ಪಕ್ಕ. ವಾಣಿವಿಲಾಸ ಸಾಗರದಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಎಂಬುದನ್ನು ನಮ್ಮ ಕಡೆ ಚಿನ್ನದ ರೇಟು ಕೇಳಿದ ಹಾಗೆ ಕೇಳುತ್ತಾರೆ. 1933ರಲ್ಲಿ ಕೋಡಿ ಬಿದ್ದಿದ್ದ ಕೆರೆ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ನಡುವಿನ ತಲೆಮಾರುಗಳು ಕೋಡಿ ಎಂಬುದನ್ನು ಅಜ್ಜಂದಿರ ಬಾಯಲ್ಲಿ ಕೇಳಿದ್ದಷ್ಟೇ. ಹಾಗಾಗಿ ಉತ್ತರ ಕನ್ನಡದ ಅಘನಾಶಿನಿ ಹೊಳೆಯನ್ನು ನಮ್ಮ ಕೆರೆ ತುಂಬಿಸುವ ವೇದಾವತಿಗೆ ಜೋಡಿಸುವ ಮಾತು ಎದ್ದಾಗ ನಮ್ಮಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ‘ಸಮುದ್ರಕ್ಕೆ ಸುಮ್ನೆ ಹರಿದು ಹೋಗೋ ನೀರು, ಈ ಕಡೆ ತಿರುಗಿಸಿದ್ರೆ ಯಾರಪ್ಪನ ಗಂಟು ಹೋಗುತ್ತೆ?’ ಎಂದವರಲ್ಲಿ ಒಬ್ಬರೂ ಆ ಹೊಳೆ ನೋಡಿದವರಲ್ಲ. ನಾನೂ ನೋಡಿರಲಿಲ್ಲ. ಶಿರಸಿಯಲ್ಲಿ ಓದಿ ಅಲ್ಲೇ ನೆಲೆ ನಿಂತ ಗೆಳೆಯನೊಬ್ಬ, ಹೊಳೆ ಕಾಯುವ ಹವ್ಯಾಸದವರ ಜೊತೆ ಓಡಾಡುತ್ತಾನೆ. ‘ಕಾರ್ತಿಕ ಅಮಾವಾಸ್ಯೆಗೆ ಬಾ, ಅಮಾವಾಸ್ಯೆ ಕಳೆದ ಬಿದಿಗೆ ತದಿಗೆಗೆ ಅಳಿವೆಯಲ್ಲಿ ಬೆಳಗಿನ ಇಳಿತ ಚೆನ್ನಾಗಿರುತ್ತೆ’ ಎಂದ. ಅಳಿವೆ ಅಂದರೆ ಹೊಳೆ ಕಡಲು ಸೇರುವ ಜಾಗ, ಇಳಿತ ಅಂದರೆ ಅಲ್ಲಿ ಕಡಲ ನೀರು ತಗ್ಗುವ ಹೊತ್ತು. ಪ್ರವಾಸಕ್ಕೆ ಪಂಚಾಂಗ ನೋಡಿ ಹೊರಟದ್ದು ಇದೇ ಮೊದಲು. 2024ರ ನವೆಂಬರ್ ಮುಗಿಯುವ ದಿನ ಅದು.

ಹಾವೇರಿ ದಾಟುವವರೆಗೂ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಆಮೇಲೆ ಜೋಳ ಹೋಗಿ ಅಡಿಕೆ ಬಂತು, ಬಿಸಿಲು ಹೋಗಿ ನೆರಳು ಬಂತು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನನ್ನು ಗೆಳೆಯ ಬೈಕಿನಲ್ಲಿ ನೇರ ಶಂಕರಹೊಂಡಕ್ಕೆ ಕರೆದೊಯ್ದ. ಊರೊಳಗಿನ ಒಂದು ಹೊಂಡ ಅದು. ನದಿಯ ಮೂಲ ಅಂದರೆ ಕಾಡು, ಬಂಡೆ, ಮಂಜು ಎಂದು ಕಲ್ಪಿಸಿಕೊಂಡು ಬಂದವನಿಗೆ ಎದುರಾದದ್ದು ಮೆಟ್ಟಿಲು, ಮನೆಗಳು, ಹಿಂದೆ ಹಾರ್ನ್ ಸದ್ದು. ‘ಇದೊಂದೇ ಮೂಲ ಅಲ್ಲ’ ಎಂದು ಗೆಳೆಯ ಸಮಾಧಾನ ಮಾಡಿದ. ಮಂಜುಗುಣಿಯ ಕಡೆಯಿಂದ ಬಾಕೂರು ಹೊಳೆ ಬರುತ್ತದೆ, ಇಲ್ಲಿಂದ ದೋಣಿಹಳ್ಳ ಹೋಗುತ್ತದೆ, ಎರಡೂ ಶಿರಸಿಯಿಂದ 16 ಕಿ.ಮೀ. ದೂರದ ಮುತ್ತಳ್ಳಿಯ ಬಳಿ ಸೇರುತ್ತವೆ. ಅಲ್ಲಿಂದ ಘಟ್ಟ ಇಳಿದು ತದಡಿಯಲ್ಲಿ ಕಡಲು ಸೇರುವವರೆಗೆ ಸುಮಾರು 120 ಕಿ.ಮೀ. ಇಷ್ಟು ಉದ್ದಕ್ಕೆ ಎಲ್ಲೂ ಒಂದು ದೊಡ್ಡ ಅಣೆಕಟ್ಟಿಲ್ಲ. ಉತ್ತರಕ್ಕೆ ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ. ದಕ್ಷಿಣಕ್ಕೆ ಶರಾವತಿಯ ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆ. ನಡುವೆ ಇವಳು ತನ್ನ ಪಾಡಿಗೆ ಹರಿಯುತ್ತಿದ್ದಾಳೆ.

ಹೊಂಡದ ಪಕ್ಕದ ಚರಂಡಿಯ ಬಾಯಲ್ಲಿ ಕಾಲೇಜು ಹುಡುಗರು ಕಬ್ಬಿಣದ ಜಾಳಿಗೆ ಕೂರಿಸುತ್ತಿದ್ದರು. ಪ್ಲಾಸ್ಟಿಕ್ ಇಲ್ಲಿ ಹಿಡಿದರೆ ತದಡಿಯ ಬಲೆಯವರಿಗೆ ಅಷ್ಟು ಕಡಿಮೆ ಎಂಬ ಲೆಕ್ಕ. ಅವರಲ್ಲೊಬ್ಬ ನನ್ನ ಊರು ಕೇಳಿದ. ಹೇಳಿದೆ.

‘ಓ! ನಮ್ಮ ನೀರು ಕೇಳೋ ಊರಿನವ್ರಾ?’

ನಗುತ್ತಲೇ ಅಂದದ್ದು. ಆದರೂ ಆ ಪ್ರಶ್ನೆ ಘಟ್ಟ ಇಳಿದು ಕಡಲು ಮುಟ್ಟುವವರೆಗೂ ನನ್ನ ಬೆನ್ನು ಬಿಡಲಿಲ್ಲ.

ರಾತ್ರಿ ತಂಗಿದ್ದು ಹೆಗ್ಗರಣೆ ಕಡೆಯ ಒಂದು ತೋಟದ ಮನೆಯಲ್ಲಿ. ಜಗಲಿ ಹತ್ತುವ ಮೊದಲೇ ‘ಆಸ್ರಿಗೆ ಎಂತ ಕೊಡ್ಲಿ?’ ಎಂಬ ಉಪಚಾರ. ನಂತರ ಕೊಟ್ಟ ಅಪ್ಪೆಹುಳಿ ನಮ್ಮ ಕಡೆಯ ತಿಳಿಸಾರು ಅಂದುಕೊಂಡು ಲೋಟಕ್ಕೇ ಬಾಯಿ ಹಾಕಿದೆ. ಮಾವಿನ ಮಿಡಿಯ ಆ ಘಮ ಮೂಗಿಗೇರಿ ಕಣ್ಣು ಅರಳಿತು. ಅಡಿಕೆ ಕೊಯ್ಲಿನ ಕಾಲ. ಊಟ ಆದ ಮೇಲೆ ಅಂಗಳದ ಚಪ್ಪರದಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂತರು. ಈ ಭಾಗದಲ್ಲಿ ಯಾವ ಸಭೆ ನಡೆಯಬೇಕಾದರೂ ಈ ತಿಂಗಳುಗಳಲ್ಲಿ ಅಡಿಕೆ ಸುಲಿಯುವಲ್ಲೇ ನಡೆಯುತ್ತದೆಯಂತೆ. ಕೈಗೆ ಕೆಲಸ ಇರುವುದರಿಂದ ಜಗಳ ಜೋರಾಗುವುದಿಲ್ಲ ಎಂದು ಮನೆಯ ಅಜ್ಜ ಕಾರಣ ಕೊಟ್ಟರು.

ಭಾನುವಾರ: ಜಡ್ಡಿ, ಸಿಂಗಳೀಕ, ಉಂಚಳ್ಳಿ

ಬೆಳಿಗ್ಗೆ ಚಳಿ ಎಂದರೆ ಚಳಿ. ತೆಳ್ಳೇವು, ಜೋನಿ ಬೆಲ್ಲ ತಿಂದು ತೋಟ ಇಳಿದೆವು. ಜೊತೆಗೆ ಅಜ್ಜ, ಊರ ಶಾಲೆಯ ಮಾಸ್ತರು, ಪಿಯುಸಿ ಓದುವ ಇಬ್ಬರು ಹುಡುಗಿಯರು. ಹುಡುಗಿಯರ ಕೈಯಲ್ಲಿ ನೋಟ್‌ಬುಕ್ಕು. ತೋಟದ ತಲೆಗೆ ಸೊಪ್ಪಿನ ಬೆಟ್ಟ, ಬೆಟ್ಟದ ಮಗ್ಗುಲಿಗೆ ಕಣಿವೆ, ಕಣಿವೆಯ ತಳದಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು.

ಜಡ್ಡಿಯ ಒಳಗೆ ಕಾಲಿಟ್ಟ ಕೂಡಲೇ ಬೆಳಕು ಕಡಿಮೆಯಾಯಿತು. ಕಪ್ಪು ಕೆಸರು. ಆ ಕೆಸರಿನಿಂದ ಮಡಚಿದ ಮೊಣಕಾಲುಗಳ ಹಾಗೆ ಬೇರುಗಳು ಮೇಲೆದ್ದು ಮತ್ತೆ ಒಳಗಿಳಿದಿವೆ. ವರ್ಷವಿಡೀ ನೀರು ನಿಂತ ಮಣ್ಣಿನಲ್ಲಿ ಉಸಿರಾಟಕ್ಕೆ ಗಾಳಿ ಸಿಗುವುದಿಲ್ಲ. ಬೇರು ಮೇಲೆ ಬಂದು ಗಾಳಿ ತೆಗೆದುಕೊಳ್ಳುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಗಳು ಹೆಚ್ಚು ಹೆಸರಾದವು. ಅಲ್ಲಿ ಸಿಕ್ಕ ಗೇರಿನ ಕುಲದ ಒಂದು ಮರಕ್ಕೆ ಊರ ಹೆಸರನ್ನೇ ಸೇರಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ವಿಜ್ಞಾನಿಗಳು ಕರೆದಿದ್ದಾರೆ. ನಾವು ನೋಡಿದ್ದು ಒಂದೆರಡು ಎಕರೆ ಇರಬಹುದಾದ, ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ತುಂಡು.

‘ಇದರ ಕೆಳಗಿನ ಗದ್ದೆಗಳೆಲ್ಲ ಮೊದಲು ಜಡ್ಡಿಯೇ ಆಗಿತ್ತು’ ಎಂದರು ಅಜ್ಜ. ‘ನಮ್ಮ ಹಿರಿಯರೇ ಕಡಿದು ಗದ್ದೆ ಮಾಡಿದ್ದು. ಗದ್ದೆ ಆಮೇಲೆ ತೋಟ ಆಯ್ತು. ಈಗ ಬೇಸಿಗೆಗೆ ತೋಟಕ್ಕೆ ನೀರಿಲ್ಲ ಅಂತ ಬೋರು ಹೊಡೆಸ್ತೇವೆ. ಜಡ್ಡಿ ಉಳಿದಿರೋ ಈ ಒಂದು ಹಳ್ಳ ಮಾತ್ರ ಮೇ ತಿಂಗಳಲ್ಲೂ ಹರೀತದೆ.’

ಇಲ್ಲಿಯವರ ಹೊಳೆ ಕಾಯುವ ಕೆಲಸ ಅಂದರೆ ಮುಖ್ಯವಾಗಿ ಇಷ್ಟೇ: ಬೀಜ ಆರಿಸಿ ಸಸಿ ಮಾಡುವುದು, ದನ ಬರದಂತೆ ಬೇಲಿ ಕಟ್ಟುವುದು, ಹಳ್ಳದಲ್ಲಿ ನೀರೆಷ್ಟು ಎಂದು ವಾರಕ್ಕೊಮ್ಮೆ ಅಳೆದು ಬರೆಯುವುದು. ರಾಮಪತ್ರೆಯ ಜಾತಿಯ ಬೀಜ ಒಣಗಿಸಿಟ್ಟರೆ ಸತ್ತೇ ಹೋಗುತ್ತದೆ. ಬಿದ್ದ ಹಸಿ ಬೀಜವನ್ನು ಬೇಗ ಮಣ್ಣಿಗೆ ಹಾಕಬೇಕು. ಆದ್ದರಿಂದ ಬೀಜ ಬೀಳುವ ಹೊತ್ತಿಗೆ ಊರಲ್ಲಿ ಇರುವವರಿಂದ ಮಾತ್ರ ಆಗುವ ಕೆಲಸ ಇದು. ಪೇಟೆಯಿಂದ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಬಂದು ಸಸಿ ಹಿಡಿದು ಫೋಟೊ ತೆಗೆಸಿಕೊಳ್ಳುವವರಿಂದ ಆಗದು. ನಾನೂ ಒಂದು ಸಸಿ ಹಿಡಿದು ಫೋಟೊ ತೆಗೆಸಿಕೊಂಡೆ ಅನ್ನಿ.

ಹುಡುಗಿಯರ ನೋಟ್‌ಬುಕ್ಕಿನಲ್ಲಿ ಬೇರೆಯದೇ ಲೆಕ್ಕ. ಯಾವ ದಿನ, ಯಾವ ಮರದಲ್ಲಿ, ಎಷ್ಟು ಸಿಂಗಳೀಕ. ದೇಶದಲ್ಲಿ ಸಿಂಗಳೀಕಗಳ ಉತ್ತರದ ಕೊನೆಯ ನೆಲೆ ಈ ಕಾಡುಗಳೇ. 2011ರಲ್ಲಿ ಸರಕಾರ ಇದನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿ ದೊಡ್ಡದು ಮಾಡಿತು. ಹೆಸರು ಬದಲಾದದ್ದು ಅಜ್ಜನಿಗೆ ಅಷ್ಟು ಹಿಡಿಸಿಲ್ಲ. ‘ಕಾಯೋದು ನಾವು. ಅಭಯಾರಣ್ಯ ಅಂದ ಕೂಡ್ಲೇ ಬೆಟ್ಟದ ಸೊಪ್ಪಿಗೆ ಹೋಗೋದಕ್ಕೂ ಯಾರಾದ್ರೂ ತಡೀತಾರೋ ಅಂತ ಒಂದು ಅಳುಕು’ ಎಂದರು. ಹುಡುಗಿಯರು ಒಪ್ಪಲಿಲ್ಲ. ನಡೆಯುತ್ತಲೇ ವಾದ. ನಾನು ಎರಡೂ ಕಡೆಗೆ ತಲೆಯಾಡಿಸುತ್ತಾ ಬಂದೆ.

ಉಪ್ಪಾಗೆಯ ವಿಷಯದಲ್ಲಿ ಮಾತ್ರ ಮೂವರದ್ದೂ ಒಂದೇ ಮಾತು. ಉಪ್ಪಾಗೆ ಹಣ್ಣು ಸಿಂಗಳೀಕಕ್ಕೂ ಬೇಕು, ಸಿಪ್ಪೆ ಒಣಗಿಸಿ ಮಾರಲು ಜನರಿಗೂ ಬೇಕು. ಹಣ್ಣಾಗುವುದು ಸುರಿವ ಮಳೆಯಲ್ಲಿ. ಬಿಸಿಲಿಲ್ಲದ ಮೇಲೆ ಬೆಂಕಿ ಹಾಕಿಯೇ ಒಣಗಿಸಬೇಕು, ಬೆಂಕಿಗೆ ಕಾಡಿನದ್ದೇ ಕಟ್ಟಿಗೆ. ಹೀಗಾಗಿ ಹಣ್ಣು ಕೊಯ್ಯುವುದಕ್ಕಿಂತ ಒಣಗಿಸುವುದರಿಂದ ಕಾಡಿಗೆ ಆಗುವ ಪೆಟ್ಟು ದೊಡ್ಡದು. ಕಡಿಮೆ ಕಟ್ಟಿಗೆ ತಿನ್ನುವ ಒಲೆ ಹಾಕಿಸುವುದು, ಮರದ ಹಣ್ಣೆಲ್ಲ ಬಳಿಯದೆ ಒಂದು ಪಾಲು ಬಿಡುವಂತೆ ಮನೆಮನೆಗೆ ಹೋಗಿ ಹೇಳುವುದು ಹುಡುಗಿಯರ ಮಳೆಗಾಲದ ಕೆಲಸ. ‘ಬೈಗುಳವೂ ಬೀಳ್ತದೆ’ ಎಂದು ಒಬ್ಬಳು ನಕ್ಕಳು.

ಸಿಂಗಳೀಕ ಕಾಣಿಸಿತೇ? ಕಾಣಿಸಿತು ಅಂತಲೇ ಹೇಳಬೇಕು. ‘ಅಗೋ’ ಎಂದು ಮಾಸ್ತರು ಬೆರಳು ತೋರಿದ ಕಡೆ ಎತ್ತರದ ಕೊಂಬೆಯೊಂದು ಅಲುಗಿತು. ಕರಿಯ ಮೈ, ಮುಖದ ಸುತ್ತ ಬೂದು ಕೇಸರ, ಸಣ್ಣ ಕುಚ್ಚಿನ ಬಾಲ, ಅಷ್ಟರಲ್ಲಿ ಎಲೆಗಳು ಮುಚ್ಚಿಕೊಂಡವು. ಕ್ಯಾಮೆರಾ ಚೀಲದಲ್ಲೇ ಇತ್ತು. ಹುಡುಗಿಯರು ಮಾತ್ರ ಅಷ್ಟರಲ್ಲೇ ‘ಎರಡು, ಒಂದು ಮರಿ’ ಎಂದು ಬರೆದುಕೊಂಡಾಗಿತ್ತು.

ಮಧ್ಯಾಹ್ನದ ಮೇಲೆ ಉಂಚಳ್ಳಿ. 116 ಮೀಟರ್ ಎತ್ತರದಿಂದ ಹೊಳೆ ಒಮ್ಮೆಲೇ ಕೆಳಗೆ ಬೀಳುತ್ತದೆ. 1845ರಲ್ಲಿ ಲಶಿಂಗ್ಟನ್ ಎಂಬ ಕಲೆಕ್ಟರ್ ಇದನ್ನು ‘ಕಂಡುಹಿಡಿದ’ ಎಂದು ಅವನ ಹೆಸರೂ ಅಂಟಿಕೊಂಡಿದೆ. ಊರವರು ಕರೆಯುವುದು ಕೆಪ್ಪ ಜೋಗ ಎಂದು. ಪಕ್ಕದಲ್ಲಿ ನಿಂತ ಗೆಳೆಯನ ಮಾತು ನಿಜಕ್ಕೂ ಕೇಳಿಸಲಿಲ್ಲ. ಅಮಾವಾಸ್ಯೆಯ ರಜೆಯ ಜನ ಚಿಪ್ಸ್ ಪೊಟ್ಟಣ ಹಿಡಿದು ಮೆಟ್ಟಿಲು ತುಂಬಿದ್ದರು. ನೋಡಬೇಕೆನ್ನುವವರು ಬೆಳಿಗ್ಗೆ ಬೇಗ, ವಾರದ ನಡುವೆ ಹೋಗುವುದು ವಾಸಿ.

ಸೋಮವಾರ: ದೊಡ್ಮನೆ ಘಟ್ಟ

ನಸುಕಿನಲ್ಲೇ ಕೂಗಾಟ. ತಮಿಳುನಾಡು ಕಡೆ ದಡ ಹತ್ತಿದ ಫೆಂಗಲ್ ಚಂಡಮಾರುತದ ಬಾಲ ಇಲ್ಲಿಗೂ ಬಂದು ಹನಿ ಬೀಳಲು ಶುರುವಾಗಿತ್ತು. ಅಂಗಳದಲ್ಲಿ ಹರವಿದ ಅಡಿಕೆಗೆ ಈ ಹನಿ ವಿಷ. ಅಜ್ಜ, ಸೊಸೆ, ಮಗ, ಅತಿಥಿ ಎನ್ನದೆ ಎಲ್ಲರೂ ತಾಡಪಾಲು ಎಳೆದೆವು. ಪಕ್ಕದ ಮನೆಯ ಅಂಗಳವನ್ನೂ ಮುಚ್ಚಿ ಬಂದೆವು. ಅವರು ಮದುವೆಗೆ ಹೋಗಿದ್ದರು. ಕೈಕಾಲಿಗೆ ಅಡಿಕೆಯ ಚೊಗರು ಹತ್ತಿ ಎರಡು ದಿನ ಹೋಗಲಿಲ್ಲ.

ಹೊರಡುವಾಗ ಅಜ್ಜ ಗೇಟಿನವರೆಗೆ ಬಂದರು. ‘ನಿಮ್ಮ ಕಡೆ ಕುಡಿಯೋ ನೀರಿಗೆ ಕಷ್ಟ ಇದೆ ಅಂತ ನನಗೂ ಗೊತ್ತಿದೆ ತಮ್ಮಾ. ಆದ್ರೆ ನೀರು ಇಲ್ಲಿ ಜಾಸ್ತಿ ಇದೆ ಅಂತ ನಿಮಗೆ ಹೇಳಿದವರು ಜುಲೈ ತಿಂಗಳಲ್ಲಿ ಬಂದು ನೋಡಿದ್ದಾರೆ. ಏಪ್ರಿಲ್‌ನಲ್ಲಿ ಬರ್ಲಿಲ್ಲ.’

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ನಮ್ಮ ಮನೆಯ ಬೋರಿನ ಆಳ ಎಷ್ಟು ಎಂದು ಹೇಳಿದೆ. ಅವರು ಸುಮ್ಮನೆ ನನ್ನ ಭುಜ ತಟ್ಟಿದರು.

ಸಿದ್ದಾಪುರದಿಂದ ಕುಮಟಾಕ್ಕೆ ಇಳಿಯುವ ದೊಡ್ಮನೆ ಘಟ್ಟದ ರಸ್ತೆ ಕಿರಿದು, ತಿರುವು ಹೆಚ್ಚು, ವಾಹನ ಕಡಿಮೆ. ಮಂಜು ಮತ್ತು ಮಳೆ ಬೆರೆತು ಮುಂದಿನ ತಿರುವೇ ಕಾಣದು. ಅಂಥ ಒಂದು ತಿರುವಿನಲ್ಲಿ ಬೈಕಿನ ಹಿಂದಿನ ಗಾಲಿ ಪಂಕ್ಚರ್. ಪೇಟೆ ಎರಡೂ ಕಡೆ ದೂರ, ಮೊಬೈಲಿಗೆ ಸಿಗ್ನಲ್ ಇಲ್ಲ. ತಳ್ಳಿಕೊಂಡು ಹೋಗುತ್ತಿದ್ದಾಗ ಹಾಲಿನ ಕ್ಯಾನು ತುಂಬಿದ ಜೀಪೊಂದು ನಿಂತಿತು. ಬೈಕನ್ನು ಕ್ಯಾನುಗಳ ಮೇಲೆ ಅಡ್ಡ ಮಲಗಿಸಿ ಹಗ್ಗ ಬಿಗಿದು ಚಾಲಕ ಸಂತೆಗುಳಿಯವರೆಗೆ ತಂದುಬಿಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅವನ ಮಾತು ಅದೇ ವರ್ಷ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದದ್ದರ ಬಗ್ಗೆ. ‘ಗುಡ್ಡ ಕೊರೆದ ಮೇಲೆ ಹೊಳೆಗೆ ಬೀಳದೇ ಇನ್ನೆಲ್ಲಿ ಬೀಳ್ತದೆ?’ ಎಂದು ತಿರುವು ತಿರುವಿಗೂ ಕೇಳುತ್ತಿದ್ದ. ಈ ಹಾದಿಯಲ್ಲಿ ಬರುವವರು ಪಂಕ್ಚರ್ ಸಾಮಾನು ಜೊತೆಗಿಟ್ಟುಕೊಳ್ಳಿ. ಹಾಲಿನ ಜೀಪು ಬೆಳಿಗ್ಗೆ ಮಾತ್ರ ಬರುತ್ತದೆ.

ಸಂತೆಗುಳಿಯ ಹೋಟೆಲಿನಲ್ಲಿ ಬಿಸಿ ಬನ್ಸು, ಚಹಾ. ಘಟ್ಟದ ಮೇಲಿನ ಚಳಿ ಇಲ್ಲಿಲ್ಲ, ಮಳೆಯಲ್ಲೂ ಬೆವರು. ಪಂಕ್ಚರ್ ಹಾಕಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಯಾಣಕ್ಕೆ ಹೋಗುವ ಆಸೆ ಕೈಬಿಟ್ಟು, ಮಿರ್ಜಾನ ಕೋಟೆಯ ಕೊತ್ತಲ ಹತ್ತಿ ಹೊಳೆಯನ್ನು ದೂರದಿಂದ ನೋಡಿ, ಕುಮಟಾ ದಾಟಿ ಅಘನಾಶಿನಿ ಎಂಬ ಊರಿಗೇ ಬಂದು ಸೇರಿದೆವು. ಹೊಳೆಯ ಹೆಸರಿನ ಊರು. ಎದುರು ದಡದಲ್ಲಿ ತದಡಿಯ ದೀಪ.

ಮಂಗಳವಾರ: ಅಳಿವೆ

ಕತ್ತಲಿರುವಾಗಲೇ ಎಬ್ಬಿಸಿದರು. ಇಳಿತಕ್ಕೆ ಕಾಯುವ ಪದ್ಧತಿ ಇಲ್ಲ, ಅದರ ಹೊತ್ತಿಗೆ ನಾವಿರಬೇಕು. ದೋಣಿಯಲ್ಲಿ ಏಳೆಂಟು ಹೆಂಗಸರು, ಮೂವರು ಗಂಡಸರು, ಬುಟ್ಟಿಗಳು, ನಾವಿಬ್ಬರು. ಹೊಳೆಯ ನಡುವಿನ ಮರಳ ದಿಬ್ಬಗಳು ಒಂದೊಂದಾಗಿ ಮೇಲೆದ್ದವು. ದೋಣಿ ನಿಂತ ಕೂಡಲೇ ಎಲ್ಲರೂ ಸೊಂಟಮಟ್ಟದ ನೀರಿಗಿಳಿದು ಕಾಲಿನಲ್ಲೇ ಕೆಸರು ತಡಕಿ, ಬಗ್ಗಿ, ಹಿಡಿ ಹಿಡಿ ಬಳಚು ಎಂಬ ಚಿಪ್ಪುಮೀನು ಎತ್ತಿ ಬುಟ್ಟಿಗೆ ಹಾಕತೊಡಗಿದರು. ನಾನು ಇಳಿದ ಜಾಗದಲ್ಲೇ ಒಂದು ಚಪ್ಪಲಿಯನ್ನು ಕೆಸರು ನುಂಗಿತು, ಅದನ್ನು ಹುಡುಕಲು ಹೋಗಿ ಕಲ್ಗದ ಚಿಪ್ಪಿಗೆ ಪಾದ ಕೊಯ್ದಿತು. ‘ಹೊಸಬ್ರ ಕಾಲು ಕೊಯ್ಯದೆ ಹೊಳೆ ಬಿಡೂದಿಲ್ರಾ’ ಎಂದು ಒಬ್ಬ ಅಕ್ಕ ತನ್ನ ಸೀರೆ ಅಂಚು ಹರಿದು ಕಟ್ಟಿದಳು. ಹೋಗುವವರು ಪಟ್ಟಿ ಇರುವ ಹಳೆಯ ಬೂಟೇ ಹಾಕಿಕೊಂಡು ಹೋಗಿ.

ಬಳಚು ಒಂದೇ ಜಾತಿಯಲ್ಲ. ಅಳಿವೆಯ ಬಾಯಿಗೆ ಹತ್ತಿರ ಉಪ್ಪು ಹೆಚ್ಚಿರುವಲ್ಲಿ ಬಿಳಿ ಗೆರೆಯದು, ಮೇಲ್ಗಡೆ ಸಪ್ಪೆ ನೀರು ಬೆರೆಯುವಲ್ಲಿ ಕರಿಯದು. ಕಲ್ಲಿಗೆ ಅಂಟಿಕೊಂಡವು ಕಲ್ಗ, ನೀಲಿಕಲ್ಲು ಎಂಬ ಬೇರೆ ಚಿಪ್ಪುಮೀನುಗಳು. ಒಂದೊಂದಕ್ಕೂ ಅದರದೇ ಉಪ್ಪಿನ ಹದ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಇಲ್ಲಿ ಹೊಳೆಯ ಉದ್ದಕ್ಕೆ ಅದು ಇಳಿಯುತ್ತಾ ಇಳಿಯುತ್ತಾ ಕೊನೆಗೆ ಇಲ್ಲವಾಗುತ್ತದೆ. ಆ ಹದ ಕಾಯುವುದು ಘಟ್ಟದಿಂದ ಬರುವ ನೀರು. ಮಳೆಗಾಲದ ಕೆಂಪು ನೀರು ಅಳಿವೆಯ ಉಪ್ಪನ್ನೆಲ್ಲ ಕಡಲಿಗೆ ತಳ್ಳುತ್ತದೆ, ಕಾಡಿನ ಕೊಳೆತ ಎಲೆಯ ಸಾರವನ್ನು ತಂದು ಕೆಸರಿಗೆ ಕೊಡುತ್ತದೆ, ಬಳಚು ತಿನ್ನುವುದು ಆ ಸಾರದಿಂದ ಹುಟ್ಟಿದ್ದನ್ನು. ನಾನು ಊರಲ್ಲಿ ‘ಸುಮ್ಮನೆ ಹರಿದು ಹೋಗುವ ನೀರು’ ಎಂದು ಕೇಳಿದ್ದು ಇದನ್ನೇ.

ದೋಣಿಯ ಮೂಲೆಯಲ್ಲಿ ಕೂತ ಹುಡುಗನೊಬ್ಬ ನೀರಿನ ಉಪ್ಪು ಅಳೆಯುವ, ಸಣ್ಣ ಕೊಳವೆಯಂಥ ರಿಫ್ರಾಕ್ಟೋಮೀಟರಿಗೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಓದಿ ಬರೆದುಕೊಳ್ಳುತ್ತಿದ್ದ. ಮೀನುಗಾರರ ಮನೆಯವನು, ಪದವಿ ಮುಗಿಸಿದವನು. ‘ನಿನ್ನೆ ಘಟ್ಟದ ಮೇಲೆ ಮಳೆ ಬಂತಂತೆ ಅಲ್ವಾ? ಇವತ್ತೇ ಗೊತ್ತಾಗೂದಿಲ್ಲ, ನಾಳೆ ನಾಡಿದ್ದು ಮೇಲಿನ ಜಾಗದಲ್ಲಿ ಸ್ವಲ್ಪ ಇಳೀಬಹುದು’ ಎಂದ. ಘಟ್ಟದ ಮೇಲೆ ಹುಡುಗಿಯರು ಹಳ್ಳ ಅಳೆಯುವುದು ಅವನಿಗೆ ಗೊತ್ತು. ಇಬ್ಬರ ನೋಟ್‌ಬುಕ್ಕುಗಳೂ ಒಂದೇ ವಾಟ್ಸಾಪ್ ಗುಂಪಿಗೆ ಹೋಗುತ್ತವೆ. ಒಬ್ಬರನ್ನೊಬ್ಬರು ನೋಡಿಲ್ಲ.

ಬುಟ್ಟಿ ತುಂಬಿದ ಮೇಲೆ ಆರಿಸುವ ಕೆಲಸ. ಸಣ್ಣವನ್ನು ಮತ್ತೆ ನೀರಿಗೇ ಎಸೆಯುತ್ತಾರೆ. ಎಸೆಯಿರಿ ಎಂದು ಹೇಳುತ್ತಾ ತಿರುಗುವುದೂ ಹುಡುಗನ ಕೆಲಸವೇ. ಎಲ್ಲರೂ ಕೇಳುವುದಿಲ್ಲ. ಗೋವಾಕ್ಕೆ ಕಳಿಸುವ ವ್ಯಾಪಾರಿ ಸಣ್ಣದನ್ನೂ ತೆಗೆದುಕೊಳ್ಳುತ್ತಾನಲ್ಲ. ‘ಅವ ಹೇಳೂದು ಸರಿ. ಆದ್ರೆ ನನ್ನ ಮಗಳ ಫೀಸು ಸಣ್ಣದು ದೊಡ್ಡದು ನೋಡೂದಿಲ್ಲ’ ಎಂದಳು ಕಾಲು ಕಟ್ಟಿದ ಅಕ್ಕ. ಹಾಗಂದವಳೇ ಕೈಯಲ್ಲಿದ್ದ ಸಣ್ಣ ಬಳಚುಗಳನ್ನು ನೀರಿಗೆ ಬಿಟ್ಟಳು.

ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮಾತು ತೆಗೆದದ್ದು ನಾನು. ದಂಡೆಯುದ್ದಕ್ಕೂ ಹಸಿರಾಗಿ ನಿಂತಿದ್ದವು. ಮರದಲ್ಲೇ ಮೊಳೆತ ಕೋಡುಗಳು ಜೋತಾಡುತ್ತಿದ್ದವು. ಎಷ್ಟು ನೆಟ್ಟರೂ ಒಳ್ಳೆಯದೇ ಅಲ್ಲವೇ ಎಂದೆ. ಹೆಂಗಸರಲ್ಲಿ ಒಮ್ಮೆಲೇ ಗದ್ದಲ. ಹಿಂದೊಮ್ಮೆ ಯಾರೋ ಬಂದು ಬಳಚಿನ ದಿಬ್ಬದ ಮೇಲೇ ಸಾಲಾಗಿ ಕೋಡು ಊರಿ ಹೋದರಂತೆ. ಗಿಡ ಬೆಳೆದರೆ ಅಲ್ಲಿ ಹೂಳು ನಿಂತು ಬಳಚಿಗೆ ಜಾಗ ಇಲ್ಲ. ಈಗ ನೆಡುವ ಮೊದಲು ಇವರನ್ನು ಕೇಳುತ್ತಾರೆ. ಕೊರೆತ ಇರುವ ಕಟ್ಟೆಯ ಬುಡಕ್ಕೆ ಮಾತ್ರ ನೆಡುತ್ತಾರೆ. ಹೊಳೆ ಉಳಿಸಲು ಬರುವವರಿಂದಲೂ ಹೊಳೆಯನ್ನು ಕಾಯಬೇಕಾಗುತ್ತದೆ ಎಂಬುದು ನನಗೆ ಹೊಸ ವಿಷಯ.

ಬಿಸಿಲೇರಿ ಭರತಿ, ಅಂದರೆ ಉಬ್ಬರ, ಶುರುವಾದ ಮೇಲೆ ಹುಡುಗ ನಮ್ಮನ್ನು ಸಣ್ಣ ದೋಣಿಯಲ್ಲಿ ಕಾಂಡ್ಲಾ ನಡುವಿನ ಕೊಡ್ಲೊಂದಕ್ಕೆ, ಅಂದರೆ ಕಿರಿದಾದ ನೀರದಾರಿಗೆ, ಕರೆದೊಯ್ದ. ಬೇರಿಗೆ ಸಿಕ್ಕಿಕೊಂಡ ಹರಿದ ನೈಲಾನ್ ಬಲೆ ಬಿಡಿಸುವುದು ಅಂದಿನ ಕೆಲಸ. ಬೇಡದ ಬಲೆಯೂ ಮೀನು ಏಡಿ ಹಿಡಿಯುತ್ತಲೇ ಇರುತ್ತದೆ. ಚಾಕುವಿನಿಂದ ಕೊಯ್ದು ಚೀಲಕ್ಕೆ ತುಂಬುತ್ತಾ ಹೋದೆವು. ಒಂದರಲ್ಲಿ ಜೀವವಿದ್ದ ಏಡಿ ಸಿಕ್ಕಿತು, ಅದು ಬಿಡುಗಡೆಯಾದ ಖುಷಿಗೆ ಗೆಳೆಯನ ಬೆರಳು ಕಚ್ಚಿತು. ಕಟ್ಟೆಯ ಮೇಲೆ ಮೀನಿನ ಪೊರೆ, ಏಡಿಯ ಚೂರು ತುಂಬಿದ ಹಿಕ್ಕೆ. ‘ನೀರುನಾಯಿ’ ಎಂದ ಹುಡುಗ. ಬಲೆ ಹರಿಯುತ್ತದೆ ಎಂದು ಅವನ ಅಪ್ಪನಿಗೆ ಅದರ ಮೇಲೆ ಸಿಟ್ಟು. ಮಗ ಹಿಕ್ಕೆ ಸಿಕ್ಕಲ್ಲೆಲ್ಲ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಒಂದೇ ಮನೆ.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಕೆಂಪಕ್ಕಿ ಅನ್ನ, ಬಳಚಿನ ಸುಕ್ಕ. ತೆಂಗಿನಕಾಯಿ ತುರಿಯ ನಡುವೆ ಚಿಪ್ಪು ಸಮೇತ ಬಂದ ಬಳಚನ್ನು ತೆರೆದು ತಿನ್ನುವ ಕ್ರಮ ಅವರ ಸಣ್ಣ ಮಗ ಕಲಿಸಿದ. ಊರು ಯಾವುದೆಂದು ಇಲ್ಲೂ ಕೇಳಿದರು. ಹೇಳಿದೆ. ಅಕ್ಕ ಸೌಟು ಹಿಡಿದುಕೊಂಡೇ ಕೇಳಿದಳು: ‘ನಿಮ್ಮಲ್ಲಿ ನೀರು ಬಂದ್ರೆ ಎಂತಾ ಬೆಳೀತ್ರಿ?’

‘ಅಡಿಕೆ ಹಾಕ್ತಾರೆ ಈಗೀಗ.’

‘ಅಡಿಕೆ ಅಲ್ಲಿ ಮೇಲೆ ಇತ್ತಲ್ರಾ’ ಎಂದು ಘಟ್ಟದ ಕಡೆ ಸೌಟು ತೋರಿಸಿ, ಇನ್ನೊಂದು ಸೌಟು ಸುಕ್ಕ ಬಡಿಸಿದಳು.

ಸಂಜೆ ಶಾಲೆಯ ಜಗಲಿಯಲ್ಲಿ ಸಭೆ. 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರಿಗೆ ರಾಮ್ಸರ್ ತಾಣದ ಮನ್ನಣೆ ಬಂದಿದೆ. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಒಪ್ಪಂದ ಆದ ಫೆಬ್ರುವರಿ 2ನ್ನು ಜಗತ್ತಿನೆಲ್ಲೆಡೆ ಜೌಗು ಪ್ರದೇಶಗಳ ದಿನವಾಗಿ ಆಚರಿಸುತ್ತಾರೆ. ಆ ದಿನಕ್ಕೆ ಘಟ್ಟದ ಮೇಲಿನವರನ್ನು ಕರೆಸಬೇಕು, ಜಡ್ಡಿ ಅಳೆಯುವ ಹುಡುಗಿಯರೂ ಅಜ್ಜನೂ ಬಂದು ಅಳಿವೆ ನೋಡಬೇಕು ಎಂಬುದು ಗೆಳೆಯನ ಯೋಜನೆ. ಎಲ್ಲರೂ ಒಪ್ಪಿದರು. ಸಭೆ ಸಿಕ್ಕಿಬಿದ್ದದ್ದು ಊಟದಲ್ಲಿ. ಬಳಚು ಬಡಿಸದೆ ಅಳಿವೆ ತೋರಿಸುವುದು ಹೇಗೆ? ಬರುವವರು ಬಳಚು ಮುಟ್ಟುವವರಲ್ಲ. ಬಹಳ ಹೊತ್ತು ಚರ್ಚೆಯಾಗಿ, ಕಗ್ಗ ಎಂಬ ಉಪ್ಪು ತಡೆಯುವ ಭತ್ತದ ಗಂಜಿ ಇಲ್ಲಿಯದು, ಅಪ್ಪೆಮಿಡಿ ಉಪ್ಪಿನಕಾಯಿ ಅವರದು ಎಂದು ತೀರ್ಮಾನವಾಯಿತು.

ಬುಧವಾರ: ಮಾಣಿಕಟ್ಟಾ, ತದಡಿ

ಆ ಕಗ್ಗ ಬೆಳೆಯುವ ಮಾಣಿಕಟ್ಟಾಕ್ಕೆ ಬೆಳಿಗ್ಗೆ ಹೋದೆವು. ಮೋಡ ಇತ್ತು, ಮಳೆ ಇರಲಿಲ್ಲ. ಹೊಳೆಯ ಮಟ್ಟದಲ್ಲೇ, ಕೆಲವೆಡೆ ಅದಕ್ಕಿಂತ ತಗ್ಗಿನಲ್ಲಿ ಹರಡಿದ ಗಜನಿ ಭೂಮಿ. ಕಟ್ಟೆಯ ಬಾಯಿಗೆ ಮರದ ಹಲಗೆಯ ಬಾಗಿಲು, ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಮಳೆಗಾಲದಲ್ಲಿ ಭರತಿಯ ಉಪ್ಪು ನೀರು ಒಳಗೆ ಬರದಂತೆ ಮುಚ್ಚಬೇಕು, ಇಳಿತದಲ್ಲಿ ಒಳಗಿನ ನೀರು ಹೊರಹೋಗಲು ತೆರೆಯಬೇಕು. ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಕಟ್ಟಿದ ಕಗ್ಗ ಬಿತ್ತುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಉಪ್ಪು ತಾಗಿದರೂ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯದ ಭತ್ತ. ಕೊಯ್ಲಾದ ಮೇಲೆ ಜಂತ್ರಡಿ ತೆರೆದು ಹೊಳೆಯನ್ನೇ ಗದ್ದೆಗೆ ಕರೆಯುತ್ತಾರೆ. ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ.

ನಾವು ಹೋದಾಗ ಕೊಯ್ಲು ಮುಗಿದು ನೀರು ಒಳಬಂದಿತ್ತು. ಕಟ್ಟೆಯ ಮೇಲೆ ಕೂತ ಹಿರಿಯರು ಕೂಳೆ ತೋರಿಸಿ ಹಳೆಯ ಕತೆ ಹೇಳಿದರು. 1970ರ ದಶಕದಲ್ಲಿ ಸರಕಾರ ಉಪ್ಪು ನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆ ಹಾಕಿಸಿದ ಮೇಲೆ ವರ್ಷ ವರ್ಷ ಮಣ್ಣಿನ ಕಟ್ಟೆ ಕಟ್ಟಲು ಊರೆಲ್ಲ ಸೇರುವುದು ತಪ್ಪಿತು; ಆಮೇಲೆ ಸಿಗಡಿ ಕೃಷಿಯ ಹುಚ್ಚು, ಸಿಗಡಿಗೆ ರೋಗ, ಪಾಳು ಬಿದ್ದ ಗಜನಿಗಳಿಗೆ ನುಗ್ಗಿದ ಕಾಂಡ್ಲಾ. ಮಾಣಿಕಟ್ಟಾದವರು ಮಾತ್ರ ಕೂಡಿ ಬಿತ್ತಿ ಕೂಡಿ ಕೊಯ್ಯುವುದನ್ನು ಬಿಡಲಿಲ್ಲ. ‘ಜಂತ್ರಡಿ ಒಬ್ಬನದ್ದಲ್ಲ. ಒಬ್ಬ ಮರೆತು ತೆರೆದಿಟ್ರೆ ಎಲ್ಲರ ಗದ್ದೆಯೂ ಹೋಗ್ತದೆ’ ಎಂದರು. ಕಗ್ಗದ ಅಕ್ಕಿ ಎರಡು ಕಿಲೊ ಕೊಂಡೆ. ಅಂಗಡಿಯಲ್ಲಿ ಸಿಗುವುದು ಅಪರೂಪ. ಬೇಕಾದವರು ಊರೊಳಗೇ ಹೋಗಿ ಕೇಳಬೇಕು.

ಮಧ್ಯಾಹ್ನ ಅಘನಾಶಿನಿಯಿಂದ ತದಡಿಗೆ ದಾಟುವ ದೋಣಿ ಹತ್ತಿದೆವು. ಬೈಕುಗಳೂ ದಾಟುತ್ತವೆ, ಹಲಗೆಯ ಮೇಲೆ ಹತ್ತಿಸುವಾಗ ಸ್ವಲ್ಪ ಎದೆ ಢವಢವ. ದೋಣಿ ನಡೆಸುವವರು ಅರವತ್ತು ದಾಟಿದವರು. ತದಡಿಯ ಬಯಲು ತೋರಿಸಿ, ‘ಇಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರೂದಿತ್ತು’ ಎಂದರು. ಅದಕ್ಕೆ ವಿರೋಧವಾಗಿ ಎರಡೂ ದಡದವರು ಬೀದಿಗಿಳಿದದ್ದು, ಅದು ಹೋಗಿ ಬಂದರಿನ ಮಾತು ಬಂದದ್ದು, ಈಗ ಹೊಳೆಯ ನೀರೇ ಪೂರ್ವಕ್ಕೆ ಹೊರಡುವ ಮಾತು ಎದ್ದಿರುವುದು ಎಲ್ಲವೂ ಅವರ ಬಾಯಲ್ಲಿ ಒಂದೇ ಕತೆಯ ಅಧ್ಯಾಯಗಳು. ಯಾವ ಸಂಘಕ್ಕೂ ಸೇರಿದವರಲ್ಲ. ‘ಸಭೆ ಇದ್ರೆ ಆ ದಿನ ದೋಣಿಗೆ ಬಾಡಿಗೆ ತಕಣೂದಿಲ್ಲ, ಅಷ್ಟೇ ನನ್ನ ಹೋರಾಟ’ ಎಂದರು.

ನಮ್ಮೂರಿನವರಿಗೆ ನೀರು ಬೇಡ ಎಂದು ನಾನು ಬರೆಯಲಾರೆ. ಅಲ್ಲಿ ಬೋರು ಬತ್ತಿದ ಮನೆಗಳಲ್ಲಿ ನಮ್ಮದೂ ಒಂದು. ಆದರೆ ಯಾವ ನೀರು ಎಂದು ಕೇಳಿದರೆ, ಇನ್ನು ಮುಂದೆ ಇದನ್ನು ‘ವ್ಯರ್ಥ’ ಅನ್ನಲು ನನಗಾಗುವುದಿಲ್ಲ. ನಮ್ಮ ಕೆರೆಗಳ ಹೂಳು ತೆಗೆಯುವ, ಅಡಿಕೆ ಬಿಟ್ಟು ಬೇರೆ ಬೆಳೆಯುವ ಮಾತನ್ನು ನಮ್ಮಲ್ಲಿ ಆಡುವುದು ಕಷ್ಟ; ಆಡಿದರೆ ಬೈಗುಳ ಬೀಳುತ್ತದೆ. ಉಪ್ಪಾಗೆ ಒಲೆಯ ಹುಡುಗಿಗೂ ಬಿದ್ದಿದೆಯಲ್ಲ.

ತದಡಿಯಲ್ಲಿ ಹುಡುಗ ಬೀಳ್ಕೊಡುವಾಗ, ‘ಬರೀತ್ರಿ ಅಂತ ಕೇಳಿದೆ. ಬರೀರಿ. ಆದ್ರೆ ಆ ಕೊಡ್ಲು ಯಾವ್ದು, ನೀರುನಾಯಿ ಗುರುತು ಎಲ್ಲಿ ಅಂತ ಬರೀಬೇಡ್ರಿ. ರೀಲ್ಸ್ ಮಾಡೋರು ಡ್ರೋನ್ ಹಿಡ್ಕೊಂಡು ಬಂದ್ಬಿಡ್ತಾರೆ’ ಎಂದ. ಅದಕ್ಕೇ ಬರೆದಿಲ್ಲ. ಜಡ್ಡಿಯ ಊರಿನ ಹೆಸರು ಇಲ್ಲದಿರುವುದಕ್ಕೂ ಅದೇ ಕಾರಣ. ಹೋಗಲೇಬೇಕೆನ್ನುವವರು ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮಾರನೇ ದಿನ ಅಘನಾಶಿನಿಗೆ ಬಂದು ದೋಣಿ ಕಟ್ಟುವಲ್ಲಿ ವಿಚಾರಿಸಿ; ಕೆಲಸಕ್ಕೆ ಕೈ ಸೇರಿಸುತ್ತೇನೆ ಎಂದರೆ ಯಾರೂ ಬೇಡ ಅನ್ನುವುದಿಲ್ಲ. ತದಡಿಯಿಂದ ಗೋಕರ್ಣಕ್ಕೆ ಬಸ್ಸಿದೆ. ಮೀನಿನ ಬುಟ್ಟಿಗಳೆಲ್ಲ ಹತ್ತಿದ ಮೇಲೆ ಉಳಿದ ಜಾಗ ನಮಗೆ.